ರಿವರ್ಸಿನಲ್ಲಿ ಲಕ್ಷ್ಮೇಶ್ವರ

ನಮ್ಮ ಕಾಕಾ ಒಮ್ಮೆ ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಕಾರಿನಲ್ಲಿ ಹೋದ. ಅದರಲ್ಲೇನು ವಿಶೇಷ ಅಂತೀರಾ? ಅವನ ಪಕ್ಕದ ಸೀಟಿನಲ್ಲೇ ಇದ್ದ ನನಗೆ, ಆ ದಿನ ನಾವು ಹೋದೆವೋ ಬಂದೆವೋ ಎಂಬುದು ಇಂದಿಗೂ ಸ್ಪಷ್ಟವಾಗಿಲ್ಲ. ಈಗಲೂ ರಸ್ತೆಯಲ್ಲಿ ಬಸ್ಸು ಕಂಡರೆ, ನನ್ನ ಮುಖ ಯಾವ ಕಡೆಗಿದೆ ಎಂದು ಮೊದಲು ನೋಡಿಕೊಳ್ಳುತ್ತೇನೆ.

ಗದಗ ಜಿಲ್ಲೆ ಆದ ಹೊಸತು. ಕಾಕಾನ ಕಾರು ಮಾತ್ರ ಧಾರವಾಡ ಜಿಲ್ಲೆ ಇದ್ದಾಗಲೇ ಹಿತ್ತಲಿನ ತಗಡಿನ ಕೆಳಗೆ ಮಲಗಿದ್ದು. ಯಾವ ಕಂಪನಿಯದು ಎಂದು ಕೇಳಬೇಡಿ. ಹೆಸರಿನ ಅಕ್ಷರಗಳು ಯಾವಾಗಲೋ ಉದುರಿಹೋಗಿದ್ದವು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು.

ಆ ಕಾರನ್ನು ಎಬ್ಬಿಸುವ ಹುಚ್ಚು ಅವನಿಗೆ ಹತ್ತಿದ್ದು ಹೆಂಡತಿ, ಅಂದರೆ ನಮ್ಮ ಕಾಕುವಿನ ಸಲುವಾಗಿ. ಕಾಕು ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಎಲುಬೇನೋ ಕೂಡಿತು, ಕೋಲು ಹಿಡಿದು ಮನೆಯೊಳಗೆ ನಡೆಯತೊಡಗಿದಳು. ಹೊಸ್ತಿಲು ಮಾತ್ರ ದಾಟಲಿಲ್ಲ. ಮುಂಡರಗಿಯಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ನೋಡುವ ಆಸೆ ಇತ್ತು, ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಎತ್ತಿ ಕೂಡಿಸುತ್ತೇವೆ ಎಂದರೆ ಕೋಲು ಮೇಲಕ್ಕೇಳುತ್ತಿತ್ತು.

"ಸತ್ತ ಮ್ಯಾಲೆ ಹೊರೋದು ಇದ್ದ ಐತಿ. ಈಗ ಯಾರೂ ನನ್ನ ಮುಟ್ಟಬ್ಯಾಡ್ರಿ."

ಕಾಕಾ ಹಿತ್ತಲಿಗೆ ಹೋಗಿ ಕಾರಿನ ಬಾನೆಟ್ ಎತ್ತಿದ.

ಅವನು ಹರೆಯದಿಂದಲೂ ಊರ ಮಂದಿಯ ಮಗ್ಗ ರಿಪೇರಿ ಮಾಡಿದವ. "ಮಗ್ಗಕ್ಕೂ ಕಾರಿಗೂ ಏನಲೇ ಫರಕ? ಎರಡೂ ಖಟಾಖಟ್ ಅಂತಾವು," ಎಂಬುದು ಅವನ ಸಿದ್ಧಾಂತ. ಎಲ್ಲ ಬಿಚ್ಚಿದ, ಎಲ್ಲ ಜೋಡಿಸಿದ. ಒಂದು ಡಬ್ಬಿ ತುಂಬ ನಟ್ಟು ಬೋಲ್ಟು ಉಳಿದವು. "ಕಂಪನ್ಯಾವ್ರು ಜಾಸ್ತಿ ಹಾಕಿದ್ರು," ಎಂದು ಡಬ್ಬಿ ಮುಚ್ಚಿದ.

ಒಂದು ದಿನ ಕಾರು ನಿಜವಾಗಿಯೂ ಎದ್ದಿತು. ಓಣಿಯ ತುಂಬ ಹೊಗೆ, ಕಿಟಕಿಯಲ್ಲಿ ಕಾಕು. ಕಾಕಾ ಗತ್ತಿನಿಂದ ಮೊದಲನೆಯ ಗೇರು ಹಾಕಿದ. ಕಾರು ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತು. ಎರಡನೆಯದು ಹಾಕಿದ, ಬರೀ ಸದ್ದು. ಮೂರನೆಯದಕ್ಕೆ ಸದ್ದೂ ಇಲ್ಲ.

"ವಯಸ್ಸಾಗೈತಿ ನೋಡು. ಹಿಂದಿಂದು ನೆನಪೈತಿ, ಮುಂದಿಂದು ತಿಳೀವಲ್ದು," ಎಂದ ಕಾಕಾ.

"ನಿಮ್ಮ ಕೂಡ ಇದ್ದು ಇದ್ದು ಕಲತೈತಿ," ಎಂದಳು ಕಿಟಕಿಯಿಂದ ಕಾಕು.

ಲಕ್ಷ್ಮೇಶ್ವರದ ಮಿಸ್ತ್ರಿ ಬಂದು ಕಾರಿನ ಕೆಳಗೆ ಬಗ್ಗಿ ನೋಡಿದ. "ಗೇರ್‌ಬಾಕ್ಸ್ ಇಳಸಬೇಕ್ರಿ ಕಾಕಾ. ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಎಳಕೊಂಡ ಬರ್ರಿ."

"ಎಳಸಂಗಿಲ್ಲ. ಜೀವ ಇದ್ದದ್ದನ್ನ ಎಳೀಬಾರದು. ತಾನಾಗೇ ಬರತೈತಿ."

"ಹೆಂಗ ಬರತೈತ್ರಿ?"

"ಹೆಂಗ ಬರತೈತೋ ಹಂಗ."

ಮಿಸ್ತ್ರಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಅಂದರೆ ಲಕ್ಷ್ಮೇಶ್ವರದ ತನಕ ರಿವರ್ಸಿನಲ್ಲೇ. ಕಾಕಾನ ಕುತ್ತಿಗೆ ಹೊರಳುತ್ತಿರಲಿಲ್ಲ, ಹಿಂದೆ ನೋಡಲು ಒಬ್ಬರು ಬೇಕಿತ್ತು. "ನೀ ಕಾಲೇಜ ಕಲತಾಂವ, ಬಾ," ಎಂದ. ಸಾಪೇಕ್ಷ ವೇಗದ ಲೆಕ್ಕಗಳನ್ನು ನಾನು ಕಾಲೇಜಿನಲ್ಲಿ ಮಾಡಿದ್ದೆ, ನಿಜ. ಆದರೆ ಲೆಕ್ಕದ ಒಳಗೇ ಹೋಗಿ ಕೂತದ್ದು ಅಂದೇ ಮೊದಲು. ಕಾಕಾ ದೂರವಾಗುತ್ತಿದ್ದ ಶಿಗ್ಲಿಯನ್ನು ನೋಡುತ್ತ ಸ್ಟಿಯರಿಂಗ್ ಹಿಡಿದಿದ್ದ. ನಾನು ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿನಲ್ಲಿ ಲಕ್ಷ್ಮೇಶ್ವರದ ದಾರಿ ಕಾಯುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ತೆಗೆಸುವಾಗ ಕಂಡಕ್ಟರ್ ಕೂಗುತ್ತಾನಲ್ಲ, ಹಾಗೆ "ಬರ್ಲಿ, ಬರ್ಲಿ" ಎನ್ನುವುದು ನನ್ನ ಕೆಲಸ, ನಿಲ್ಲಿಸಲು "ಹೋಲ್ಡಾನ್".

ಅರ್ಧ ದಾರಿ ಸುಖವಾಗಿ ಕಳೆಯಿತು. ಎಮ್ಮೆ ಕಾಯುವವನೊಬ್ಬ ನಮಗೆ ನಮಸ್ಕಾರ ಮಾಡಲು ಕೈ ಎತ್ತಿ, ಯಾವ ಕಡೆಗೆ ಮಾಡುವುದೆಂದು ತಿಳಿಯದೆ ಇಳಿಸಿದ. ಆಮೇಲೆ ಲಕ್ಷ್ಮೇಶ್ವರದ ಕಡೆಯಿಂದ ಬಸ್ಸು ಕಾಣಿಸಿತು. ನಾವು ರಸ್ತೆಯ ನಡುವೆಯೇ ಇದ್ದೆವು. ಬಸ್ಸಿನವನಿಗೆ ಕಾಣುತ್ತಿದ್ದದ್ದು ನಮ್ಮ ಬೆನ್ನು. ತನ್ನ ಮುಂದೆ ಹೋಗುತ್ತಿರುವ ಕಾರು, ದೂರವಾಗುತ್ತದೆ ಎಂದುಕೊಂಡನೇನೋ, ವೇಗ ತಗ್ಗಿಸಲೇ ಇಲ್ಲ. ದೂರವಾಗಬೇಕಾದ ಕಾರು ದೊಡ್ಡದಾಗುತ್ತ ಬಂದರೆ ಅವನಾದರೂ ಏನು ತಿಳಿಯಬೇಕು?

"ಎಡಕ್ಕ, ಕಾಕಾ!"

"ಯಾರ ಎಡಕ್ಕ?" ಎಂದ ಕಾಕಾ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವವನಂತೆ.

ಹೌದಲ್ಲ, ಯಾರ ಎಡಕ್ಕೆ? ನನ್ನ ಮುಖ ಆ ಕಡೆ, ಅವನ ಮುಖ ಈ ಕಡೆ. ನನ್ನ ಎಡ ಅವನ ಬಲ, ಕಾರಿನದು ಯಾವುದೋ! ಬಸ್ಸಿನ ಗಾಜಿನ ಹಿಂದೆ ಡ್ರೈವರನ ಬಾಯಿ ತೆರೆದದ್ದು ಕಂಡಿತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಹೋಲ್ಡಾನ್!"

ಕಾಕಾ ಬ್ರೇಕಿನ ಮೇಲೆ ನಿಂತೇಬಿಟ್ಟ. ಕಾರು ಅಡ್ಡಡ್ಡ ಜಾರಿ ರಸ್ತೆ ಬಿಟ್ಟು ಎರೆಮಣ್ಣಿಗೆ ಇಳಿಯಿತು. ಬಸ್ಸು ನಮ್ಮ ಬದಿಯ ಕನ್ನಡಿಯನ್ನು ಕಿತ್ತುಕೊಂಡು ಮುಂದೆ ಹೋಗಿ ನಿಂತಿತು. ಕಂಡಕ್ಟರ್ ಓಡಿಬಂದ. ಬೈಯಲು ಬಂದವನು ನಮ್ಮಿಬ್ಬರ ಮುಖಗಳು ಒಂದೊಂದು ದಿಕ್ಕಿಗೆ ಇರುವುದನ್ನು ಕಂಡು ಬೈಗುಳವನ್ನೇ ಮರೆತ.

"ಯಜಮಾನ್ರ, ನೀವು ಹೊಂಟೀರೋ, ಬರಾಕತ್ತೀರೋ?"

"ನೀ ಬಂದ ಕಡೆ ಹೊಂಟೇವಪಾ," ಎಂದ ಕಾಕಾ. ಆಮೇಲೆ ನನ್ನ ಕಡೆ ನೋಡಿದ. "ಚಲೋ ಹೇಳಿದಿ. ಹೂಂ, ಮತ್ತ ಬರ್ಲಿ ಅನ್ನು."

ಉಳಿದ ದಾರಿಯಲ್ಲಿ ನಾನು ಎತ್ತಿನ ಬಂಡಿಗೂ ಹೋಲ್ಡಾನ್ ಹೇಳಿದೆ, ನಾಯಿಗೂ ಹೇಳಿದೆ. ಕಡೆಗೆ ಗ್ಯಾರೇಜು ಮುಟ್ಟಿದೆವು. ಮಿಸ್ತ್ರಿ ಗೇರ್‌ಬಾಕ್ಸ್ ಸರಿಮಾಡಿ, ಉಳಿದ ಬೋಲ್ಟಿನ ಡಬ್ಬಿಯನ್ನೂ ಕಾಕಾನಿಂದ ಕಸಿದುಕೊಂಡ. ಕಾರು ಮುಂದೆ ನೋಡುತ್ತ ಊರಿಗೆ ಬಂತು.

ಮುಂಡರಗಿಗೆ ಹೊರಡುವ ದಿನ ಬೆಳಿಗ್ಗೆ ಕಾರು ಬಾಗಿಲ ಎದುರು ನಿಂತಿತ್ತು. ಕಾಕು ಹೊಸ ಸೀರೆ ಉಟ್ಟು ಹೊಸ್ತಿಲ ತನಕ ಬಂದಳು. ಕೆಳಗಿನ ಕಟ್ಟೆಯ ಮೆಟ್ಟಿಲು ನೋಡಿದಳು. ಕಾಲು ಏಳಲಿಲ್ಲ. "ಒಲ್ಲೆ ಬಿಡ್ರಿ," ಎಂದು ಮೆಲ್ಲಗೆ ಹೇಳಿದಳು. ಎತ್ತಿಕೊಳ್ಳಲು ನಾನು ಮುಂದೆ ಹೋದೆ.

"ಮುಟ್ಟಬ್ಯಾಡಲೇ ಅಕೀನ್ನ," ಎಂದ ಕಾಕಾ. ಆಮೇಲೆ ಕಾಕುವಿಗೆ, "ಹೊಳ್ಳಿ ನಿಂದ್ರು. ಮುಂದ ನೋಡಿದ್ರ ಅಂಜಿಕಿ ಆಗತೈತಿ. ಹಿಂದಕ್ಕ ಇಳಿ."

ಕಾಕು ಬೀದಿಗೆ ಬೆನ್ನು ಮಾಡಿದಳು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದರಲ್ಲಿ ಕೋಲು. ಕಾಕಾ ಕೆಳಗೆ ನಿಂತು ಎರಡೂ ಕೈ ಅಗಲಿಸಿ ಹಿಡಿದ. ಮುಟ್ಟಲಿಲ್ಲ. ಹೊರಳದ ಕುತ್ತಿಗೆಯವನು ಮೈಯನ್ನೇ ಬಗ್ಗಿಸಿ ಅವಳ ಪಾದಗಳನ್ನೇ ನೋಡುತ್ತ, "ಬರ್ಲಿ... ಬರ್ಲಿ..." ಎನ್ನತೊಡಗಿದ. ಒಂದು ಪಾದ ಇಳಿಯಿತು, ಚೌಕಟ್ಟು ಬಿಟ್ಟ ಕೈ ಗೋಡೆ ಹಿಡಿಯಿತು, ಇನ್ನೊಂದು ಪಾದ ಇಳಿಯಿತು. ನನ್ನ ಕಣ್ಣಿಗೆ ಮತ್ತೆ ಆ ಬಸ್ಸೇ.

ಕಡೆಗೆ ಅವಳ ಹೆಜ್ಜೆ ಬೀದಿಯ ಮಣ್ಣು ಮುಟ್ಟಿತು.

"ಹೋಲ್ಡಾನ್," ಎಂದ ಕಾಕಾ.

ಬಸ್ಸು ಮೈಮೇಲೆ ಬಂದಾಗ ನಡುಗದ ದನಿ, ಆಗ ನಡುಗಿತು.