ಜೀನ್ಸ್ ತೊಟ್ಟ ದುರಂತಗಳು

ನಮ್ಮ ಸೋದರಮಾವನನ್ನು ಮದುವೆಗೆ ಕರೆಯಬೇಕಾದರೆ ನೆಂಟರೆಲ್ಲ ಎರಡೆರಡು ಸಲ ಯೋಚಿಸುತ್ತಾರೆ. ಕುಡಿದು ಗಲಾಟೆ ಮಾಡುತ್ತಾರೆಯೇ? ಛೇ, ಎಲೆ ಅಡಿಕೆ ಕೂಡ ಹಾಕದ ಮನುಷ್ಯ. ಇಸ್ಪೀಟೇ? ಅದರಲ್ಲಿ ರಾಣಿ ಯಾವುದು, ಗುಲಾಮ ಯಾವುದು ಎಂದೇ ಗೊತ್ತಿಲ್ಲ. ಅವರಿಗಿರುವ ಚಟ ಇವೆಲ್ಲಕ್ಕಿಂತ ಭಯಂಕರವಾದದ್ದು. ಅವರು ಓದುತ್ತಾರೆ! ಓದಿದ್ದನ್ನು ಹೇಳುತ್ತಾರೆ! ಅದೂ ಊಟದ ಪಂಕ್ತಿಯಲ್ಲಿ ಕೂತು!

ಓದುವುದಾದರೂ ಏನು? ರಾಜರ ಪಟ್ಟಾಭಿಷೇಕವೋ ದೇವಸ್ಥಾನದ ಶಿಲ್ಪಕಲೆಯೋ ಆಗಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಮಾವನಿಗೆ ಬೇಕಾದದ್ದು ಪ್ಲೇಗು, ಬರ, ಮುಳುಗಿದ ಹಡಗು, ಬಾಗಿಲು ಹಾಕಿದ್ದಾಗ ಬೆಂಕಿ ಬಿದ್ದ ಗಿರಣಿ. ಒಟ್ಟಿನಲ್ಲಿ ಜನ ಸತ್ತಿರಬೇಕು, ಸತ್ತದ್ದನ್ನು ಲೋಕ ಮರೆತಿರಬೇಕು. ಅಂಥ ಪುಸ್ತಕ ಎಲ್ಲಿದ್ದರೂ ತರಿಸುತ್ತಾರೆ. ಕನ್ನಡ, ತೆಲುಗು ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುತ್ತಾರೆ. ಇಂಗ್ಲಿಷಿನದಾದರೆ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಆರು ತಿಂಗಳು ಸಾಯುತ್ತಾರೆ.

ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ ನಮ್ಮ ದೂರದ ನೆಂಟರೊಬ್ಬರ ಮದುವೆ. ಮಾವ ಪಂಕ್ತಿಯಲ್ಲಿ ಕೂತದ್ದು ಗಂಡಿನ ಕಡೆಯ ಹಿರಿಯರೊಬ್ಬರ ಪಕ್ಕದಲ್ಲಿ. ಪಾಯಸ ಬಂತು. ಹಿರಿಯರು ಇನ್ನೇನು ಬಾಯಿಗಿಡಬೇಕು, ಮಾವ ಶುರು ಹಚ್ಚಿಕೊಂಡರು.

"ಇಂಥಾದ್ದೇ ಒಂದು ಮದುವಿ ಬಗ್ಗೆ ಓದಿದ್ನಿರಿ. ಪಾಯಸ ಬಡಿಸಿದ್ದು ಹನ್ನೊಂದು ಗಂಟೆಕ್ಕ. ಮೂರು ಗಂಟೆಕ್ಕ ನೋಡ್ತೀರಿ, ಊರಾಗ ಅಳಾಕ ಜನ ಉಳಿದಿಲ್ಲ! ಪಾತ್ರಿಗೆ ಕಲಾಯಿ ಹಾಕ್ಸಿರಲಿಲ್ಲ ನೋಡ್ರಿ."

ಹಿರಿಯರು ಎತ್ತಿದ ಕೈಯನ್ನು ಹಾಗೇ ಇಳಿಸಿದರು.

"ಯಾಕ್ರಿ, ಪಾಯಸ ಚಂದ ಐತಲ್ಲ! ಬಿಡಂಗಿದ್ರ ಇತ್ಲಾಗ ಕೊಡ್ರಿ," ಎಂದು ಮಾವ ಅದನ್ನೂ ಮುಗಿಸಿದರು.

ನನಗೆ ಪ್ರತಿ ವರ್ಷ ಹುಟ್ಟುಹಬ್ಬಕ್ಕೆ ಮೊದಲು ಬರುವ ಫೋನೂ ಅವರದೇ. "ನೀ ಹುಟ್ಟಿದ ದಿನಾನೇ ಒಂದು ದೊಡ್ಡ ಹಡಗ ಮುಳುಗಿತ್ತವ್ವ. ಒಬ್ರೂ ಉಳೀಲಿಲ್ಲ. ನೂರು ವರ್ಷ ಬಾಳು!" ಇದಕ್ಕೆ ಏನೆಂದು ಉತ್ತರ ಕೊಡುವುದು ಹೇಳಿ? ನಾನು ಥ್ಯಾಂಕ್ಸ್ ಎನ್ನುತ್ತೇನೆ.

ಮಾವ ದರ್ಜಿ. ಅವರ ಊರಾದ ಆಂಧ್ರದ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದಿಲ್ಲದ ಬೀದಿ ಹುಡುಕುವುದು ಕಷ್ಟ. ಮಾವನೂ ಜೀವಮಾನವೆಲ್ಲ ಅದನ್ನೇ ಹೊಲಿದವರು. ಹಾಗಾಗಿ ಅವರ ಪುಸ್ತಕಗಳೆಲ್ಲ ಜೀನ್ಸ್ ತೊಟ್ಟುಕೊಂಡಿವೆ! ಉಳಿದ ತುಂಡು ಬಟ್ಟೆಯಲ್ಲಿ ಅಳತೆಗೆ ಸರಿಯಾಗಿ ಹೊದಿಕೆ, ಜೋಡಿ ಹೊಲಿಗೆ, ಹಿಂದೊಂದು ಜೇಬು. ಜೇಬಿನಲ್ಲಿ ಕನ್ನಡಕ. ಓದಿದ ಪುಟದ ಗುರುತಿಗೆ ಅಳತೆ ಟೇಪು. ಅತ್ತೆ ಮಾತ್ರ ಈ ಕಪಾಟಿನ ಕಡೆ ನೋಡಿದಾಗಲೆಲ್ಲ ಉರಿದುಬೀಳುತ್ತಾರೆ. "ಯಾವ ದೇಶದಾಗ ಎಷ್ಟು ಮಂದಿ ಸತ್ರು ಅಂಬೋದು ಬಾಯಿಪಾಠ ಐತಿ. ಮನ್ಯಾಗ ಬ್ಯಾಳಿ ತೀರಿ ಮೂರು ದಿನ ಆತು ಅಂಬೋದು ಗೊತ್ತಿಲ್ಲ!"

ಅಂಗಡಿಗೆ ಬಂದ ಗಿರಾಕಿಗಳ ಪಾಡೂ ಅಷ್ಟೇ. ಒಮ್ಮೆ ನನ್ನೆದುರಿಗೇ ಒಬ್ಬರ ಸೊಂಟಕ್ಕೆ ಟೇಪು ಸುತ್ತಿ ಹೆಸರು ಕೇಳಿದರು.

"ತಿಪ್ಪೇಸ್ವಾಮಿ."

"ನಿಮಗಿಂತ ಮುಂಚೆ ಎಷ್ಟು ಮಂದಿ ಹೋಗ್ಯಾರ್ರಿ?"

"ಯಾರೂ ಇಲ್ರಿ! ಅಂಗಡಿ ಬಾಗ್ಲು ತೆಗೆಯೋದಕ್ಕ ಬಂದು ನಾನೇ ಮೊದ್ಲು ನಿಂತೀನಿ!" ಎಂದು ಆತ ಜಗಳಕ್ಕೇ ನಿಂತರು. ನಾನು ನಕ್ಕು ನಕ್ಕು ಸುಸ್ತಾದೆ. ಮಾವ ನಗಲಿಲ್ಲ. ಅದನ್ನು ನಾನು ಆಗ ಗಮನಿಸಬೇಕಿತ್ತು.

ಅವರು ಪುಸ್ತಕ ಓದುವ ಕ್ರಮವೂ ವಿಚಿತ್ರವೇ. ಮೊದಲ ಪುಟ ತೆರೆಯುವುದೇ ಇಲ್ಲ. ಊರು ಕೇರಿ, ಜನರ ಹೆಸರುಗಳನ್ನೆಲ್ಲ ಪುಟಸಂಖ್ಯೆಯೊಂದಿಗೆ ಕೊನೆಯಲ್ಲಿ ಪಟ್ಟಿ ಮಾಡಿರುತ್ತಾರಲ್ಲ, ಆ ಪದಸೂಚಿಗೆ ನೇರವಾಗಿ ಹೋಗುತ್ತಾರೆ. ಅದರಲ್ಲಿ ರಾಯದುರ್ಗ ಇದೆಯೇ? ಇರುವುದಿಲ್ಲ. "ರಂಗೂನ್ ಐತಿ, ರಾಯಚೂರು ಐತಿ, ನಮ್ಮೂರು ಯಾಕ ಇಲ್ಲ? ನಮ್ಮಲ್ಲೇನು ಜನ ಸತ್ತಿಲ್ಲೇನು?" ಎಂದು ಸಿಟ್ಟಾಗುತ್ತಾರೆ. ತಮ್ಮ ಊರಿಗೆ ಒಂದು ದುರಂತವೂ ಸಿಗಲಿಲ್ಲವಲ್ಲ ಎಂದು ಕೊರಗುವ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಒಂದು ಸಲ ಮಾತ್ರ ಸಿಕ್ಕೇಬಿಟ್ಟಿತು! ಇಂಗ್ಲಿಷ್ ಪುಸ್ತಕವೊಂದರ ಪದಸೂಚಿಯಲ್ಲಿ ಸ್ಪಷ್ಟವಾಗಿ ರಾಯದುರ್ಗ! ಮಾವ ಬೀದಿಗೆಲ್ಲ ಮಂಡಕ್ಕಿ ಮಿರ್ಚಿ ಹಂಚಿದರು. ಆಮೇಲೆ ನಿಘಂಟು ಹಿಡಿದು ಆ ಪುಟವನ್ನು ಓದಿದಾಗ ತಿಳಿಯಿತು, ಅದು ಹೈದರಾಬಾದಿನಲ್ಲಿರುವ ಇನ್ನೊಂದು ರಾಯದುರ್ಗ. ಮಿರ್ಚಿ ತಿಂದವರಿಗೆ ಖಾರ ಹತ್ತಿದ್ದು ಬಿಟ್ಟರೆ ಬೇರೆ ಏನೂ ಆಗಲಿಲ್ಲ.

ಇಂಥ ಮಾವ ಮೊನ್ನೆ ನಮ್ಮ ಗೃಹಪ್ರವೇಶಕ್ಕೇ ಬರುವುದಿಲ್ಲ ಎಂದು ಕೂತರು.

ನಾನು ಮಡಕಶಿರದ ಹತ್ತಿರದ ಅಗಳಿ ಎಂಬ ಊರಿನ ಶಾಲೆಯಲ್ಲಿ ಟೀಚರ್. ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಮಡಕಶಿರದಲ್ಲಿ ನಮ್ಮದೊಂದು ಸಣ್ಣ ಮನೆ ಎದ್ದು ನಿಂತಾಗ ಅದಕ್ಕೆ ಅಮ್ಮನ ಹೆಸರನ್ನೇ ಇಡೋಣ ಎಂದುಕೊಂಡೆ. ತೊಡಕಾದದ್ದು ಅಲ್ಲೇ. ಅಮ್ಮನ ಹೆಸರು ತಿಪ್ಪಮ್ಮ. ತಿಪ್ಪೆ ಎಂಬ ಮಾತು ಎದುರಿಗೇ ಕಾಣುವ ಹೆಸರು ಅದು. ಚಿಕ್ಕಂದಿನಿಂದ ಎಲ್ಲರೂ ಆಡಿಕೊಂಡಿದ್ದಾರೆ. ಬ್ಯಾಂಕಿನಲ್ಲಿ ಹೆಸರು ಕೂಗಿದರೆ ಅಮ್ಮ ಈಗಲೂ ತಲೆ ತಗ್ಗಿಸಿಕೊಂಡು ಏಳುತ್ತಾಳೆ.

"ತೃಪ್ತಮ್ಮ ಅಂತ ಹಾಕಿಸ್ಲಾ?" ಎಂದೆ.

"ಅಯ್ಯೋ, ಎಷ್ಟು ಚೆನ್ನಾಗೈತೆ ಕಣೇ!" ಎಂದು ಅಮ್ಮ ಮದುವಣಗಿತ್ತಿಯ ಹಾಗೆ ನಾಚಿದಳು. ಗೇಟಿನ ಕಲ್ಲಿನಲ್ಲಿ 'ತೃಪ್ತಿ ನಿಲಯ' ಎಂದು ಕೆತ್ತಿಸಿದೆ. ಆಹ್ವಾನ ಪತ್ರಿಕೆ ಒಂದು ಬದಿ ತೆಲುಗು, ಒಂದು ಬದಿ ಕನ್ನಡ. ಎರಡೂ ಬದಿಯಲ್ಲಿ ಶ್ರೀಮತಿ ತೃಪ್ತಮ್ಮ! ವಾಟ್ಸಾಪಿನಲ್ಲಿ ಮಾವನಿಗೆ ಕಳಿಸಿದ ಐದೇ ನಿಮಿಷಕ್ಕೆ ಫೋನು ಬಂತು.

"ಯಾರವ್ವ ಈಕಿ ತೃಪ್ತಮ್ಮ? ಆ ಹೆಸರಿನ ತಂಗಿ ನನಗಿಲ್ಲ. ನಾ ಬರಂಗಿಲ್ಲ."

ಅಷ್ಟೇ, ಇಟ್ಟುಬಿಟ್ಟರು. ತವರಿನ ಸೀರೆ ತಂದು ಉಡಿ ತುಂಬಬೇಕಾದ ಅಣ್ಣನೇ ಬರದಿದ್ದರೆ ಹೊಸ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಅಮ್ಮ ಹಟ ಹಿಡಿದಳು. ಹೆಸರು ಬಿಡಲೂ ಮನಸ್ಸಿಲ್ಲ, ಅಣ್ಣನನ್ನು ಬಿಡಲೂ ಆಗುವುದಿಲ್ಲ. ಊಟ ಬಿಟ್ಟು ಕೂತಳು. ನನಗೆ ಮಾವನ ಮೇಲೆ ಕೆಟ್ಟ ಕೋಪ ಬಂತು. ಹಡಗು ಮುಳುಗಿದ್ದಕ್ಕೆಲ್ಲ ಮರುಗುವ ಮನುಷ್ಯನಿಗೆ ಸ್ವಂತ ತಂಗಿಯ ಆಸೆ ಕಾಣುವುದಿಲ್ಲವೇ?

ಗೃಹಪ್ರವೇಶ ನಾಳೆ ಎನ್ನುವಾಗ ಮಧ್ಯಾಹ್ನ ಮಾವ ಬಸ್ಸಿಳಿದು ಬಂದೇಬಂದರು. ಒಂದು ಕೈಯಲ್ಲಿ ಸೀರೆಯ ಕವರು, ಕಂಕುಳಲ್ಲಿ ಜೀನ್ಸ್ ತೊಟ್ಟ ಪುಸ್ತಕ.

"ಶುಭಕಾರ್ಯಕ್ಕೆ ಯಾವ ದುರಂತ ತಂದಿದ್ದೀರಿ ಮಾವ?" ಎಂದು ಕುಟುಕಿದೆ.

"ನಮ್ಮೂರಿಂದು," ಎಂದರು. "ಬರಿಯೋರು ಬರೀಲಿಲ್ಲ. ನಾನೇ ಬರಿಯಾಕ ಹತ್ತೀನಿ."

ತೆರೆದು ನೋಡಿದೆ. ಮುಂದಿನ ಪುಟಗಳೆಲ್ಲ ಖಾಲಿ! ಕೊನೆಯಲ್ಲಿ ಮಾತ್ರ ಹತ್ತಾರು ಪುಟ ತುಂಬ ಹೆಸರುಗಳು, ಅಕಾರಾದಿಯಾಗಿ. ಹಿಂದಿನಿಂದ ಓದುವವರು ಹಿಂದಿನಿಂದಲೇ ಬರೆದಿದ್ದರು.

"ಪುಟಸಂಖ್ಯೆ ಎಲ್ಲಿ ಮಾವ?"

"ಪುಸ್ತಕ ಇನ್ನೂ ಇಲ್ಲಲ್ಲವ್ವ, ಪುಟ ಎಲ್ಲಿಂದ ತರಲಿ?" ಎಂದವರು ಅಮ್ಮನ ಕಡೆ ತಿರುಗಿದರು. "ತಿಪ್ಪವ್ವಾ, ನಿನಗಿಂತ ಮುಂಚೆ ನಮ್ಮನ್ಯಾಗ ನನ್ನ ಬಿಟ್ಟು ಇನ್ನೂ ಮೂರು ಮಕ್ಕಳಿದ್ವು. ನನಗ ಆಗ ಆರು ವರ್ಷ. ಒಂದು ಬ್ಯಾಸಗಿ ಓಣಿಗೆ ವಾಂತಿಭೇದಿ ಬಂತು. ಒಂದು ವಾರದಾಗ ಮೂರೂ ಹೋದ್ವು. ನಾ ಒಬ್ಬ ಉಳಿದೆ. ಆಮ್ಯಾಲೆ ನೀ ಹುಟ್ಟಿದಿ. ನೀನೂ ಹೊಕ್ಕೀ ಅಂತ ಅವ್ವಗ ಅಂಜಿಕಿ. ನಿನ್ನ ಒಯ್ದು ತಿಪ್ಪಿ ಮ್ಯಾಲೆ ಹಾಕಿದ್ರು. ಮಗ್ಗುಲ ಮನಿ ಅಜ್ಜಿ ಎತ್ಕೊಂಡ್ಳು. ಅಕಿ ಕಡಿಂದ ಒಂದು ಮೊರ ತೌಡು ಕೊಟ್ಟು ನಿನ್ನ ಕೊಂಡ್ಕೊಂಡು ಬಂದ್ರು. ಇದು ತಿಪ್ಪಿ ಕಸ, ಇದರ ಕಡೆ ಸಾವು ನೋಡಬಾರದು ಅಂತ ಆ ಹೆಸರಿಟ್ರು. ನೋಡ್ಲಿಲ್ಲ. ನೀ ಉಳಿದಿ."

ಎಪ್ಪತ್ತರ ಹತ್ತಿರ ಬಂದ ಅಮ್ಮನಿಗೆ ಈ ಮಾತು ಯಾರೂ ಹೇಳಿರಲಿಲ್ಲ.

"ಊರಾಗಿನ ತಿಪ್ಪಮ್ಮಗೋಳು, ತಿಪ್ಪೇಸ್ವಾಮಿಗೋಳು ಎಷ್ಟೋ ಮಂದಿ ಹಿಂಗ ಉಳಿದೋರು. ಅಳತಿ ತಗಳ್ಳಾಗ ಕೇಳಿ ಕೇಳಿ ಬರ್ಕೊಂಡೀನಿ, ಅವರಿಗಿಂತ ಮುಂಚೆ ಹೋದೋರು ಯಾರಂತ. ನಮ್ಮೂರ ಕತಿ ಪುಸ್ತಕದಾಗ ಎಲ್ಲೂ ಇಲ್ಲವ್ವ. ಇರೋದು ನಿನ್ನ ಹೆಸರಾಗ. ಅದನ್ನೂ ಅಳಿಸಿಬಿಟ್ರ ಹೆಂಗ?"

ನಾನು ಅಂಗಡಿಯಲ್ಲಿ ನಕ್ಕ ನಗು ನೆನಪಾಗಿ ನಾಚಿಕೆಯಾಯಿತು. ಅಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ನಮ್ಮವು ಎಲ್ಲಿ ಅದಾವ, ತೋರ್ಸು," ಎಂದಳು. ಮಡಕಶಿರದಲ್ಲಿ 'ಐತೆ' ಎನ್ನುವ ಅಮ್ಮ ಅಣ್ಣನೆದುರು ರಾಯದುರ್ಗದ ಹುಡುಗಿಯಾಗಿಬಿಡುತ್ತಾಳೆ.

ಮಾವ ಬೆರಳಿಟ್ಟು ತೋರಿಸಿದರು. ಗೌರಿ. ಸಿದ್ಲಿಂಗ. ಮೂರನೆಯದು 'ಹ' ಅಕ್ಷರದಲ್ಲಿತ್ತು: ಹೆಸರಿಡದ ಕೂಸು.

"ಅದು ಗಂಡೋ ಹೆಣ್ಣೋ, ಅಣ್ಣಾ?"

"ಹೆಣ್ಣು. ಹುಟ್ಟಿ ಒಂಬತ್ತು ದಿನ ಆಗಿತ್ತು. ತೊಟ್ಲಿಗೆ ಹಾಕಬೇಕು ಅನ್ನಾದ್ರಾಗ ಹೋತು."

ಅಮ್ಮ ಬಹಳ ಹೊತ್ತು ಆ ಸಾಲನ್ನು ಕೈಯಿಂದ ಸವರಿದಳು. ನಾನು, "ಅಮ್ಮಾ, ಕಲ್ಲು ತೆಗೆಸಿ ನಿನ್ನ ಹೆಸರನ್ನೇ ಹಾಕಿಸ್ತೀನಿ," ಎಂದೆ.

"ಬ್ಯಾಡ, ಕಲ್ಲು ಹಂಗೇ ಇರ್ಲಿ," ಎಂದಳು ಅಮ್ಮ. "ನಾ ತಿಪ್ಪಮ್ಮನೇ. ಅಣ್ಣಾ, ಈ ಸಾಲು ಹೊಡೆದುಹಾಕು. 'ತ'ದಾಗ ಬರಿ. ನಮ್ಮಕ್ಕನ ಹೆಸರು ತೃಪ್ತಿ."

ಮಾವ ಜೇಬಿನಿಂದ ಕನ್ನಡಕ ತೆಗೆದರು. ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಎಷ್ಟು ಒರೆಸಿದರೂ ಕಾಣಿಸುತ್ತಿರಲಿಲ್ಲವೇನೋ. ಕೊನೆಗೆ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಬರೆದವಳು ನಾನು.