ಹನ್ನೊಂದು ಬಟ್ಟಲು ಸಲಹೆ

ಮಕ್ಕಳೇ, ನಿಮ್ಮ ಫೋನಿನ ಗುಂಪಿಗೆ ನನ್ನನ್ನು ಸೇರಿಸಿಯೇ ತೀರುತ್ತೇವೆಂದು ನೀವು ಮೂವರೂ ಹಟ ಹಿಡಿದಿದ್ದೀರಿ. ನಾನು ಬೇಡವೆಂದದ್ದಕ್ಕೆ, ಅಜ್ಜಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ತೀರ್ಮಾನಿಸಿದಿರಿ. ತಿಳಿಯದೆ ಏನು? ಸಿಂಚನಾ, ನೀನಿನ್ನೂ ಹೆಸರಿಲ್ಲದ ಕೂಸಾಗಿದ್ದಾಗಲೇ ನಿನ್ನ ಅಜ್ಜಿ ಇಂಟರ್‌ನೆಟ್ಟಿನ ಬಳಗವೊಂದರ ಗೌರವಾನ್ವಿತ ಸದಸ್ಯೆಯಾಗಿದ್ದಳು. ಅದರಿಂದ ಏಕೆ ಹೊರಬಂದಳು ಎಂಬುದು ಮಾತ್ರ ಕೆಲವರಿಗಷ್ಟೇ ಗೊತ್ತು. ಅವರಲ್ಲಿ ಇಬ್ಬರು ಇನ್ನೂ ನಗುವುದನ್ನು ನಿಲ್ಲಿಸಿಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಾಚಿಕೆಯ ಬಗ್ಗೆ ಮೊದಲು ಹೇಳಬೇಕು. ನಾನು ಓದಿದ್ದು ದೇವಸಮುದ್ರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಮೇಷ್ಟ್ರು ಹೆಸರು ಕೂಗಿದರೆ ನನಗೆ ‘ಹಾಜರ್’ ಎನ್ನಲು ಬಾಯಿ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿಯೇ ನನ್ನ ಪರವಾಗಿ ಕೂಗುತ್ತಿದ್ದಳು. ಅವಳು ಶಾಲೆಗೆ ಬಾರದ ದಿನ ನಾನು ಬಂದಿದ್ದರೂ ಗೈರುಹಾಜರಿ!

ಇಂಥ ನನಗೆ ದೊರೆತ ಬೀಗಿತ್ತಿ ಎಂದರೆ ನಿಮ್ಮ ಮೊಳಕಾಲ್ಮೂರಿನ ಅಜ್ಜಿ ತಿಪ್ಪಮ್ಮ. ಮಗ್ಗದ ಮನೆಯವರು. ನಾಲ್ಕು ಮಗ್ಗಗಳ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ ಗಂಟಲು ಅವರದು. ನಿಮ್ಮ ಅಮ್ಮ ಶಾಂತಳನ್ನು ಅವರ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ನಾನು ಅವರೊಡನೆ ಆಡಿದ್ದು ಮೂರು ಮಾತು: ಬನ್ನಿ, ಕುಂತ್ಕಳ್ಳಿ, ಊಟ ಮಾಡಿ. ನಿಮ್ಮ ತಾತ ಹೋದ ಮೇಲೆ ‘ಬನ್ನಿ’ ಎನ್ನುವುದಕ್ಕೂ ಹಿಂಜರಿಕೆ. ಗಂಡನನ್ನು ಕಳೆದುಕೊಂಡವಳು ಬಾಗಿಲಿಗೆ ಎದುರಾದರೆ ಯಾರು ಏನೆಂದುಕೊಳ್ಳುವರೋ ಎಂದು, ಅವರು ಬಂದರೆ ಅಡಿಗೆಮನೆ ಸೇರಿಬಿಡುತ್ತಿದ್ದೆ.

ಶಾಂತಳ ಚೊಚ್ಚಲ ಬಾಣಂತನ ಚಳ್ಳಕೆರೆಯ ನಮ್ಮ ಮನೆಯಲ್ಲೇ ಆಯಿತು. ತೊಟ್ಟಿಲು ಶಾಸ್ತ್ರಕ್ಕೆ ಎಂಟು ದಿನವಿದೆ ಎನ್ನುವಾಗ ತಿಪ್ಪಮ್ಮನವರು ನನ್ನ ಅಳಿಯನ ಕೈಯಲ್ಲಿ ಒಂದು ರೇಷ್ಮೆ ಸೀರೆ ಕಳಿಸಿದರು. ಮೊಮ್ಮಗಳ ಶಾಸ್ತ್ರದ ದಿನ ಸೊಸೆ ಉಡಲೆಂದು ತಾವೇ ಮಗ್ಗಕ್ಕೆ ಕೂತು ನೇಯ್ದದ್ದು. ಕುಂಕುಮ ಬಣ್ಣದ ಒಡಲು, ಗಿಳಿಹಸಿರು ಸೆರಗು. ಅಷ್ಟು ಚೆಂದದ ಸೀರೆಯನ್ನು ಹಾಗೇ ಪೆಟ್ಟಿಗೆಗೆ ಹಾಕುವುದೇ? ತಟ್ಟೆಯಲ್ಲಿಟ್ಟು ದೇವರ ಮುಂದೆ ಇರಿಸಿದೆ. ದೀಪ ಹಚ್ಚಿದೆ. ಗಂಟೆ ಹೊಡೆಯಲು ಕೈ ಎತ್ತಿದೆ. ಮೊಣಕೈ ದೀಪಕ್ಕೆ ತಗುಲಿತು.

ದೀಪ ಆರಿತು, ಸೀರೆ ಸುಡಲಿಲ್ಲ. ದೇವರು ದೊಡ್ಡವನು. ಆದರೆ ದೀಪದಲ್ಲಿದ್ದ ಶೇಂಗಾ ಎಣ್ಣೆಯೆಲ್ಲ ಸೆರಗಿನ ಮೇಲೆ ಅಂಗೈಯಗಲ ಹರಡಿತ್ತು.

ನನಗೆ ಕಲೆಯ ಚಿಂತೆಗಿಂತ ಮಾತಿನ ಚಿಂತೆ ಹೆಚ್ಚಾಯಿತು. ಕೂಸಿನ ಶುಭಕಾರ್ಯದ ಸೀರೆ, ಆರಿದ ದೀಪ, ಚೆಲ್ಲಿದ ಎಣ್ಣೆ, ಚೆಲ್ಲಿದ ಕೈ ನನ್ನಂಥವಳದು. ಇದನ್ನು ಕೇಳಿದವರು ಸುಮ್ಮನಿರುತ್ತಾರೆಯೇ? ನಾಳೆ ಈ ಮಗುವಿಗೆ ನೆಗಡಿಯಾದರೂ ನನ್ನ ಕೈಯನ್ನೇ ನೆನೆಯುತ್ತಾರೆ. ಬೀಗಿತ್ತಿಯ ಕಣ್ಣಿಗೆ ಬೀಳುವ ಮೊದಲು ಕಲೆ ತೆಗೆಯಲೇಬೇಕು ಎಂದು ಅಲ್ಲೇ ದೇವರ ಮುಂದೆ ನಿರ್ಧರಿಸಿದೆ. ಸೀರೆಯನ್ನು ಹೊದಿಕೆಯಲ್ಲಿ ಸುತ್ತಿಕೊಂಡು ರೆಹಾನಾಳ ಅಂಗಡಿಗೆ ಹೋದೆ.

ರೆಹಾನಾ ನಮ್ಮ ಬೀದಿಯಲ್ಲೇ, ಎಣ್ಣೆ ಮಿಲ್ಲಿನ ಎದುರಿಗೆ ಮೂರು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ನಡೆಸುತ್ತಿದ್ದಳು. ಎರಡು ಮಕ್ಕಳ ತಾಯಿ, ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಸೀರೆ ಎಂದರೆ ಅವಳಿಗೆ ಗೊತ್ತಿರುತ್ತದೆ ಎಂದು ಹೋದರೆ ಅವಳು ಸೀರೆಯನ್ನು ನೋಡದೆ ಕಂಪ್ಯೂಟರ್ ನೋಡಿದಳು.

“ಇದ್ರಾಗೆ ಕನ್ನಡದ ಹೆಂಗಸ್ರ ಬಳಗ ಒಂದೈತೆ ದೊಡ್ಡಮ್ಮ. ಏನ್ ಕೇಳಿದ್ರೂ ಹೇಳ್ತಾರೆ. ಅವ್ರ ಮುಖ ನಮಗೆ ಕಾಣಲ್ಲ, ನಮ್ ಮುಖ ಅವ್ರಿಗೆ ಕಾಣಲ್ಲ.”

ಮುಖ ಕಾಣುವುದಿಲ್ಲ! ಭೂಮಿಯ ಮೇಲೆ ಇಂಥದೊಂದು ಜಾಗ ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಬಳಗದಲ್ಲಿ ಎಲ್ಲರದೂ ಹೂವಿನ ಹೆಸರೇ ಅಂತೆ. ಮಲ್ಲಿಗೆ, ಸೇವಂತಿಗೆ, ಕನಕಾಂಬರ ಎಲ್ಲವನ್ನೂ ಆಗಲೇ ಯಾರೋ ಹಿಡಿದಿದ್ದರು. ನನಗೆ ತುಂಬೆಹೂ ಸಿಕ್ಕಿತು. ನಾನು ಹೇಳಿದೆ, ರೆಹಾನಾ ಬರೆದಳು: ರೇಷ್ಮೆ ಸೀರೆ, ಬೇರೆಯವರು ಕೊಟ್ಟದ್ದು, ಎಣ್ಣೆ ಬಿದ್ದಿದೆ, ಕೊಟ್ಟವರಿಗೆ ತಿಳಿಯಬಾರದು, ದಯವಿಟ್ಟು ದಾರಿ ತೋರಿಸಿ.

ಮರುದಿನ ಹೋಗಿ ನೋಡಿದರೆ ಹನ್ನೊಂದು ಉತ್ತರ ಬಂದಿದ್ದವು. ಹೆದರಬೇಡಿ ತಾಯಿ ಎನ್ನುವವರು, ನನಗೂ ಹೀಗೇ ಆಗಿತ್ತು ಎನ್ನುವವರು. ಊರು ಗೊತ್ತಿಲ್ಲ, ಕುಲ ಗೊತ್ತಿಲ್ಲ, ಒಬ್ಬೊಬ್ಬರ ಮಾತೂ ಒಡಹುಟ್ಟಿದವರ ಮಾತಿನಂತಿತ್ತು. ದಾಸವಾಳ ಎಂಬವರ ಉತ್ತರ ಎಲ್ಲಕ್ಕಿಂತ ಚಿಕ್ಕದು: ಪೌಡರ್ ಉದುರಿಸಿ ಸುಮ್ಮನೆ ಬಿಡಿ, ನೀರು ಸೋಕಿಸಬೇಡಿ, ಕೊಟ್ಟವರಿಗೇ ತೋರಿಸಿ ಹೇಳಿಬಿಡಿ, ಅವರೂ ಮನುಷ್ಯರೇ.

ಪೌಡರ್ ಉದುರಿಸಿದೆ. ಬೆಳಿಗ್ಗೆಯ ಹೊತ್ತಿಗೆ ಕಲೆ ಅರ್ಧಕ್ಕರ್ಧ ಮಾಯವಾಗಿತ್ತು. ಬುದ್ಧಿಯಿದ್ದವಳು ಅಲ್ಲಿಗೆ ನಿಲ್ಲಿಸುತ್ತಿದ್ದಳು.

ಆದರೆ ನಮ್ಮ ಬೀದಿಯ ಪದ್ಧತಿ ನಿಮಗೆ ಗೊತ್ತಿದೆ. ಗೋಡೆಯಾಚೆಯಿಂದ ಒಂದು ಬಟ್ಟಲು ಸಾರು ಬಂದರೆ ಉಣ್ಣದೆ ಚೆಲ್ಲುವಂತಿಲ್ಲ, ತೊಳೆದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲವೆಂದರೆ ಒಂದು ಹಿಡಿ ಶೇಂಗಾ ಆದರೂ ಹಾಕಿ ಕೊಡಬೇಕು. ಈಗ ನನ್ನ ಮನೆಗೆ ಒಮ್ಮೆಲೇ ಹನ್ನೊಂದು ಬಟ್ಟಲು ಬಂದಿದ್ದವು. ಒಬ್ಬರದನ್ನು ಉಂಡು ಹತ್ತು ಜನರದನ್ನು ಚೆಲ್ಲಿದರೆ ಅವರಿಗೆ ನೋವಾಗುವುದಿಲ್ಲವೇ?

ಆದ್ದರಿಂದ ಸೇವಂತಿಗೆಯವರ ಮನಸ್ಸು ನೋಯದಿರಲೆಂದು ಅಂಟುವಾಳಕಾಯಿ ನೊರೆ ಹಚ್ಚಿದೆ. ಕಲೆಯ ಸುತ್ತ ಹಳದಿ ಬಳೆಯೊಂದು ಮೂಡಿತು. ಕನಕಾಂಬರದವರ ಪ್ರೀತ್ಯರ್ಥ ಸೀಗೆಪುಡಿ. ಹಳದಿ ಬಳೆ ಕಂದು ಬಳೆಯಾಯಿತು. ಕಡಲೆಹಿಟ್ಟು, ಮೊಸರು, ನಿಂಬೆರಸ ಎಲ್ಲವೂ ಸರದಿಯಂತೆ ಬಂದು ಹೋದವು. ಸೆರಗು ಸೆರಗಿನಂತಿರದೆ ಒಳ್ಳೆಯ ಕೋಸಂಬರಿಯ ವಾಸನೆ ಹೊಡೆಯತೊಡಗಿತು. ಹಿಡಿದ ಕೆಲಸವನ್ನು ನಡುವೆ ಬಿಡುವುದು ನನ್ನ ಜಾಯಮಾನವಲ್ಲ. ಹನ್ನೊಂದನೆಯವರು ದಿನಪತ್ರಿಕೆ ಹಾಸಿ ಬಿಸಿ ಇಸ್ತ್ರಿ ಒತ್ತಲು ಹೇಳಿದ್ದರು. ಸೀರೆ ಪೂರ್ತಿ ಒಣಗಿದ ಮೇಲೆ ಎಂದೂ ಹೇಳಿದ್ದರು. ಅದನ್ನು ನಾನು ಆಮೇಲೆ ಓದಿದೆ.

ಇಸ್ತ್ರಿ ಎತ್ತಿ, ಪತ್ರಿಕೆ ಕಿತ್ತು ನೋಡಿದರೆ ಹಸಿರು ಸೆರಗಿನ ಮೇಲೆ ಚಳ್ಳಕೆರೆ ಮಾರುಕಟ್ಟೆಯ ಶೇಂಗಾ ಧಾರಣೆ ತಿರುಗುಮುರುಗಾಗಿ ಅಚ್ಚಾಗಿತ್ತು. ಕನಿಷ್ಠ, ಗರಿಷ್ಠ, ಎರಡೂ!

ಬಂದ ಬಟ್ಟಲುಗಳನ್ನು ಉಂಡದ್ದಾಯಿತು. ಇನ್ನು ತುಂಬಿ ಕೊಡುವುದು ಬಾಕಿ ಇತ್ತು. ದಿನಕ್ಕೊಮ್ಮೆ ರೆಹಾನಾಳಲ್ಲಿಗೆ ಹೋಗಿ, ಯಾರು ಏನು ಕೇಳಿದ್ದಾರೆಂದು ಓದಿಸಿ ಉತ್ತರ ಹೇಳತೊಡಗಿದೆ. ದೋಸೆ ಹಿಟ್ಟು ಹುಳಿಯುತ್ತಿಲ್ಲ ಎಂದವರಿಗೆ ಹೇಳಿದೆ. ಮಗು ಹಾಲು ಕಕ್ಕುತ್ತದೆ ಎಂದವರಿಗೆ ಹೇಳಿದೆ. ಮೂರು ಮಾತಿನ ನಾನು ಮೂರು ಪುಟ ಹೇಳುವವಳಾದೆ. ಮುಖ ಕಾಣದಿದ್ದರೆ ಮನುಷ್ಯರಿಗೆ ಎಷ್ಟೊಂದು ಬುದ್ಧಿ ಬರುತ್ತದೆ!

ದಾಸವಾಳದವರ ಬಟ್ಟಲು ಮಾತ್ರ ನನ್ನನ್ನು ಕಾಡುತ್ತಿತ್ತು. ಸೀರೆ ಕೊಟ್ಟವರಿಗೇ ಹೇಳಿಬಿಡಿ ಎಂಬ ಅವರ ಮಾತೊಂದನ್ನು ನಾನು ಉಣ್ಣದೆ ಬಿಟ್ಟಿದ್ದೆ. ಅಷ್ಟರಲ್ಲಿ ಅವರೇ ಒಂದು ಕಷ್ಟ ತೋಡಿಕೊಂಡರು. ಅವರಿಗೊಬ್ಬ ಬೀಗಿತ್ತಿ ಇದ್ದಾರಂತೆ. ಎರಡು ವರ್ಷವಾದರೂ ನೆಟ್ಟಗೆ ಮಾತಾಡಿಸಿಲ್ಲವಂತೆ. ಇವರು ಹೋದರೆ ಎದ್ದು ಒಳಗೆ ಹೋಗುತ್ತಾರಂತೆ. ತಮ್ಮನ್ನು ಕೀಳಾಗಿ ಕಾಣುತ್ತಾರೋ ಏನೋ, ಒಂದು ಶುಭಕಾರ್ಯಕ್ಕೆ ಅವರ ಮನೆಗೆ ಹೋಗಬೇಕಾಗಿದೆ, ಹೇಗೆ ನಡೆದುಕೊಳ್ಳಲಿ ಎಂದು ಕೇಳಿದ್ದರು.

ಓದಿಸಿ ಕೇಳಿ ನನ್ನ ರಕ್ತ ಕುದಿಯಿತು. ಅಂಥ ಒಳ್ಳೆಯ ಹೆಂಗಸಿಗೆ ಎಂಥ ಬೀಗಿತ್ತಿ! ರೆಹಾನಾಳಿಗೆ ಬರೆದುಕೋ ಎಂದೆ. ಅದು ಬರಿಯ ಸೊಕ್ಕು. ನೀವೂ ಬಾಯಿ ಬಿಡಬೇಡಿ. ಅವರಾಗಿ ಬಂದು ಎದುರು ಕೂತು ಮಾತಾಡಿಸುವ ತನಕ ಅವರ ಮನೆಯ ನೀರು ಕೂಡ ಮುಟ್ಟಬೇಡಿ.

ರೆಹಾನಾ ಬೆರಳು ನಿಲ್ಲಿಸಿದಳು. “ಇಷ್ಟು ಖಾರ ಯಾಕೆ ದೊಡ್ಡಮ್ಮ? ಪಾಪ, ಆಯಮ್ಮಂದು ಏನ್ ಕಷ್ಟ ಐತೋ.”

“ಬರಿಯವ್ವ ನೀನು. ಬಟ್ಟಲು ತುಂಬಿ ಕೊಡ್ಬೇಕು” ಎಂದೆ.

ಬಳಗದಲ್ಲಿ ಎಲ್ಲರೂ ಮೆಚ್ಚಿದರು. ತುಂಬೆಹೂವಿನವರದು ಗಟ್ಟಿ ಗುಂಡಿಗೆ ಎಂದು ಮಲ್ಲಿಗೆಯವರು ಬರೆದರು. ನನ್ನನ್ನು ಯಾರಾದರೂ ಗಟ್ಟಿ ಎಂದದ್ದು ಅದೇ ಮೊದಲು. ಆ ದಿನ ಎರಡು ಮುದ್ದೆ ಹೆಚ್ಚಾಗಿ ಉಂಡೆ.

ಶಾಸ್ತ್ರದ ದಿನ ಬಂತು. ಸೀರೆಯನ್ನು ಸೆರಗು ಒಳಗಾಗುವಂತೆ ಮಡಿಚಿ ತಟ್ಟೆಯಲ್ಲಿಟ್ಟಿದ್ದೆ. ಮುಂದೇನು ಎಂದು ನನಗೂ ಗೊತ್ತಿರಲಿಲ್ಲ. ಮೊಳಕಾಲ್ಮೂರಿನ ಬಸ್ಸಿಳಿದು ತಿಪ್ಪಮ್ಮನವರು, ಮಗಳು ಗೀತಾ, ಇನ್ನೂ ಎಂಟು ಹತ್ತು ಜನ ಬಂದರು. ಬಿಸಿಲೆಂದರೆ ಬಿಸಿಲು. ಚಾಪೆ ಹಾಸಿ, ಚೆಂಬಿನಲ್ಲಿ ನೀರಿಟ್ಟು, ಮಾಮೂಲಿನಂತೆ ಅಡಿಗೆಮನೆ ಸೇರಿದೆ. ಬಾಗಿಲ ಸಂದಿಯಿಂದ ನೋಡಿದರೆ ತಿಪ್ಪಮ್ಮನವರು ನೀರು ಮುಟ್ಟಿಲ್ಲ. ಮಾತೂ ಇಲ್ಲ. ನಾಲ್ಕು ಮಗ್ಗಗಳ ಗಂಟಲಿಗೆ ಬೀಗ ಬಿದ್ದಿತ್ತು.

ಬೀಗರು ನೀರು ಕುಡಿಯದೆ ಯಾವ ಶಾಸ್ತ್ರ ಶುರುವಾದೀತು? ಅರ್ಧ ಗಂಟೆ ಹೋಯಿತು, ಒಂದು ಗಂಟೆ ಹೋಯಿತು. ಬಂದ ಹೆಂಗಸರು ಗುಸುಗುಸು ಎನ್ನತೊಡಗಿದರು. ಒಳಗೆ ಶಾಂತ ಕಣ್ಣಲ್ಲಿ ನೀರು ತುಂಬಿಕೊಂಡು, ನಮ್ಮತ್ತೆಗೆ ಏನಾಯ್ತವ್ವ ಎಂದು ಕೇಳಿದಳು. ಸೀರೆಯ ಸುದ್ದಿ ಮುಟ್ಟಿದೆ ಎಂದುಕೊಂಡೆ. ಇನ್ನು ಅಡಿಗೆಮನೆಯಲ್ಲಿ ನಿಂತರೆ ನನ್ನ ಮಗಳ ಬಾಳು ಕೆಡುತ್ತದೆ. ತಟ್ಟೆ ಎತ್ತಿಕೊಂಡು ನಡೆದೆ. ಎಲ್ಲರ ನಡುವೆ ಹೋಗಿ ಬೀಗಿತ್ತಿಯ ಎದುರು ಕೂತು ಸೆರಗು ಬಿಚ್ಚಿದೆ.

“ಅಕ್ಕಾರೆ, ದೀಪದ ಎಣ್ಣೆ ಚೆಲ್ತು. ಚೆಲ್ಲಿದ್ದು ನಾನೇ. ನಿಮ್ಮನ್ನ ಕಂಡ್ರೆ ನಂಗೆ ಮಾತು ಬರಲ್ಲ, ಅದ್ಕೇ ಹೇಳ್ಲಿಲ್ಲ.”

ಮೂರು ಮಾತಿನ ಲೆಕ್ಕ ಅಲ್ಲಿಗೆ ಮುರಿಯಿತು. ತಿಪ್ಪಮ್ಮನವರು ಸೆರಗನ್ನು ಬೆಳಕಿಗೆ ಹಿಡಿದರು. ಮೂಸಿದರು. ಧಾರಣೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಮುಖವನ್ನೇ ನೋಡಿದರು.

“ಪೌಡರ್ ಹಾಕಿ ಬಿಟ್ಬಿಡ್ರಿ, ನೀರು ಸೋಕಿಸ್ಬ್ಯಾಡ್ರಿ ಅಂತ ಬರೆಸಿದ್ನಲ್ರೀ” ಎಂದರು. “ತುಂಬೆಹೂ ನೀವೇನ್ರಿ?”

ಮಗ್ಗದ ನಕ್ಷೆ ಬರೆಯಲು ಗೀತಾ ಮನೆಯಲ್ಲಿ ಕಂಪ್ಯೂಟರ್ ಇಟ್ಟಿದ್ದಾಳೆಂಬುದು ಆಗ ನೆನಪಾಯಿತು. ಗೀತಾ ಆಗಲೇ ಗೋಡೆಗೆ ಮುಖ ತಿರುಗಿಸಿ ನಗುತ್ತಿದ್ದಳು.

“ನೀವು ದಾಸವಾಳನಾ?” ಎಂದೆ. “ಅಕ್ಕಾರೆ, ನಾನು ಬರೆಸಿದ್ದು ಬ್ಯಾರೆ ಯಾರೋ ಬೀಗಿತ್ತಿ ಬಗ್ಗೆ.”

“ನಾನು ಕೇಳಿದ್ದು ನಿಮ್ ಬಗ್ಗೇನೇ” ಎಂದವರೇ ಚೆಂಬೆತ್ತಿ ಗಟಗಟನೆ ಅಷ್ಟೂ ನೀರು ಕುಡಿದರು. “ಬಸ್ಸಿಳಿದಾಗಿಂದ ಗಂಟ್ಲು ಒಣಗಿ ಸಾಯ್ತಿದ್ದೆ ಕಣ್ರೀ. ನೀರೂ ಮುಟ್ಟಬ್ಯಾಡಿ ಅಂದ್ಬಿಟ್ರಿ. ಅಷ್ಟೊಂದು ಖಾರ ಎಲ್ಲಿಟ್ಟಿದ್ರಿ?”

ಮೂಲೆಯಲ್ಲಿ ಕೂತಿದ್ದ ಯಾರೋ ದೀಪ ಆರಿದ್ದು, ಎಣ್ಣೆ ಚೆಲ್ಲಿದ್ದು ಎಂದು ರಾಗ ತೆಗೆದರು. ಗಂಟಲು ನೆನೆದಿದ್ದ ತಿಪ್ಪಮ್ಮನವರು ನಾಲ್ಕೂ ಮಗ್ಗ ಮೀರುವಂತೆ ಹೇಳಿದರು: “ದೀಪ ಅಂದ್ಮೇಲೆ ಎಣ್ಣೆ ಚೆಲ್ತತೆ. ಎಣ್ಣೆ ಚೆಲ್ಲಿದ್ರೆ ಕಲೆ ಆಗ್ತತೆ. ಅಷ್ಟೇ. ತೊಟ್ಲಿಗೆ ಮೊದ್ಲು ಕೈ ಹಚ್ಚೋರು ಇವ್ರೇ.”

ಹಾಗೆ ನಿನ್ನ ತೊಟ್ಟಿಲನ್ನು ಮೊದಲು ತೂಗಿದವಳು ನಾನು, ಸಿಂಚನಾ. ಸೆರಗನ್ನು ಕಿರಿದಾಗಿ ನೆರಿಗೆ ಹಿಡಿದು, ಕಲೆ ಒಳಗೆ ಹೋಗುವಂತೆ ನಿನ್ನ ಅಮ್ಮನಿಗೆ ಉಡಿಸಿದವರು ಅವರು. ಆ ದಿನದ ಫೋಟೋದಲ್ಲಿ ಅವಳ ಎಡಭುಜವನ್ನು ಗಮನವಿಟ್ಟು ನೋಡು. ಗರಿಷ್ಠ ಧಾರಣೆ ಇನ್ನೂ ಕಾಣಿಸುತ್ತದೆ.

ಸಂಜೆ ಬೀಗರು ಹೊರಟರು. ತಿಪ್ಪಮ್ಮನವರು ಹೋಳಿಗೆ ತುಂಬಿ ತಂದಿದ್ದ ಸ್ಟೀಲ್ ಡಬ್ಬಿಯನ್ನು ತೊಳೆದು, ಚಕ್ಕುಲಿ ತುಂಬಲು ಕೂತೆ. ಎರಡು ವರ್ಷ ಕಟ್ಟಿಹೋಗಿದ್ದ ಬಾಯಿ ಬಿಚ್ಚಿಕೊಂಡಿತ್ತಲ್ಲ, ಚಕ್ಕುಲಿ ಮೆತ್ತಗಾಗದಿರಲು ಏನು ಮಾಡಬೇಕೆಂದು ಹೇಳಲು ಶುರುಮಾಡಿದೆ. ಬೀಗಿತ್ತಿ ಡಬ್ಬಿಯ ಮುಚ್ಚಳವನ್ನು ತಾವೇ ಒತ್ತಿ ಮುಚ್ಚಿದರು.

“ಚಕ್ಕುಲಿ ಸಾಕು ಕಣ್ರೀ” ಎಂದರು. “ಸಲಹೆ ಬ್ಯಾಡ. ಅದ್ನ ನೀವೇ ಇಟ್ಕಳ್ಳಿ.”

ಅವತ್ತಿನಿಂದ ಇಟ್ಟುಕೊಂಡಿದ್ದೇನೆ, ಮಕ್ಕಳೇ. ನಿಮ್ಮ ಗುಂಪಿಗೆ ನನ್ನನ್ನು ಸೇರಿಸಲೇಬೇಕೆಂದರೆ ಸೇರಿಸಿಕೊಳ್ಳಿ, ಆದರೆ ಅಲ್ಲಿ ನನ್ನನ್ನು ಏನೂ ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ.