ಉಪ್ಪಿನಕಾಯಿಯ ಸಬ್‌ಕ್ಯಾಟಗರಿ

ಮನುಷ್ಯನಿಗೆ ಕೆಲವು ಕೆಲಸಗಳು ಬರುವುದಿಲ್ಲ. ಇನ್ನು ಕೆಲವು ಬರುತ್ತವೆ ಎಂಬ ಭ್ರಮೆ ಇರುತ್ತದೆ. ಹೆಚ್ಚು ಅಪಾಯ ಎರಡನೆಯದರಿಂದಲೇ. ಮಲ್ಲಂದೂರಿನ ಕಾಫಿ ಎಸ್ಟೇಟ್ ಆಫೀಸಿನಲ್ಲಿ ಮೂವತ್ತು ವರ್ಷ ಲೆಕ್ಕದ ರೈಟರ್ ಆಗಿ ಆಳುಗಳ ಹಾಜರಿ, ಗೊಬ್ಬರ, ಕತ್ತಿ, ಏಣಿ ಎಲ್ಲವನ್ನೂ ಕಾಲಂ ಎಳೆದು ಬರೆದವನು ನಾನು. ವಿಂಗಡಿಸುವುದನ್ನು ಯಾರಾದರೂ ನನ್ನಿಂದ ಕಲಿಯಬೇಕು ಎಂದುಕೊಂಡಿದ್ದೆ.

ಈಗ ನಾವಿರುವುದು ಬಣಕಲ್‌ನಲ್ಲಿ. ಹೆಂಡತಿ ಶಾರದೆ ಕಾಫಿಪುಡಿ ಮಾಡುತ್ತಾಳೆ, ಎದುರುಮನೆಯ ಲಲಿತಕ್ಕ ಮಿಡಿ ಉಪ್ಪಿನಕಾಯಿ ಹಾಕುತ್ತಾರೆ. ಇಬ್ಬರೂ ಸೇರಿ ಆನ್‌ಲೈನ್ ಅಂಗಡಿ ತೆರೆಯಲು ಹೊರಟಾಗ, ಸಾಮಾನುಗಳನ್ನು ಅದರೊಳಗೆ ತುಂಬುವ ಕೆಲಸವನ್ನು ಯಾರೂ ಕೇಳದಿದ್ದರೂ ನಾನು ವಹಿಸಿಕೊಂಡೆ.

ಅಂಗಡಿಯ ಸಾಫ್ಟ್‌ವೇರ್ ಶುರುವಿನಲ್ಲೇ ಕೇಳಿತು: ಕ್ಯಾಟಗರಿ ಯಾವುದು? ಸಬ್‌ಕ್ಯಾಟಗರಿ? ವೇರಿಯೆಂಟ್? ಟ್ಯಾಗ್? ಹೆಣ್ಣು ನೋಡಲು ಹೋದಾಗ ಮಾವನವರೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ. ಕಾಲು ಕಿಲೋ, ಅರ್ಧ ಕಿಲೋ, ಚಿಕೋರಿ ಇರುವುದು, ಇಲ್ಲದ್ದು, ಒಂದೊಂದನ್ನೂ ಬೇರೆ ಬೇರೆ ಸಾಮಾನೆಂದು ಬರೆದೆ. ಟ್ಯಾಗ್ ಎಂಬಲ್ಲಿ ‘ಚೆನ್ನಾಗಿದೆ’, ‘ತುಂಬಾ ಚೆನ್ನಾಗಿದೆ’ ಎಂದು ಹಾಕಿದೆ. ಹೆಂಡತಿ ಬೆನ್ನ ಹಿಂದೆಯೇ ನಿಂತಿದ್ದಳು, ಗೊತ್ತಿಲ್ಲವೆಂದು ಒಪ್ಪಿಕೊಳ್ಳುವಂತಿರಲಿಲ್ಲ. ಕೊನೆಗೆ ಉಪ್ಪಿನಕಾಯಿಯ ಸರದಿ ಬಂತು. ಮೊದಲ ಕ್ಯಾಟಗರಿಯನ್ನು ಹೇಗೋ ಮಾಡಿದ್ದೆ, ಎರಡನೆಯದನ್ನು ಮಾಡುವುದು ಹೇಗೆಂದು ಹೊಳೆಯಲಿಲ್ಲ. ಅದನ್ನು ಕಾಫಿಪುಡಿಯ ಸಬ್‌ಕ್ಯಾಟಗರಿಗೆ ತಳ್ಳಿ ಕೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ಲಲಿತಕ್ಕ ಮೊಬೈಲ್ ಹಿಡಿದು ಬಂದರು. “ಶಾರದಾ, ನನ್ನ ಉಪ್ಪಿನಕಾಯಿ ನಿನ್ನ ಪುಡಿ ಕೆಳಗೆ ಕೂತಿದೆಯಲ್ಲೇ!”

“ನಂಗದೆಲ್ಲ ತಿಳಿಯಲ್ಲ ಲಲಿತಕ್ಕ, ಇವ್ರು ಮಾಡಿದ್ದು.”

“ಸಬ್ ಅಂದ್ರೆ ಕೈಕೆಳಗಿನವ್ರು ಅಂತ ನಂಗೂ ಗೊತ್ತು ಮಾರಾಯ್ತಿ.”

ನಮ್ಮಲ್ಲಿಟ್ಟಿದ್ದ ಉಪ್ಪಿನಕಾಯಿ ಬಾಟ್ಲಿಗಳನ್ನೆಲ್ಲ ಎತ್ತಿಕೊಂಡು ಹೋದರು. ಇಷ್ಟು ವರ್ಷದ ಸ್ನೇಹ ನನ್ನ ಒಂದು ಕ್ಲಿಕ್ಕಿಗೆ ಮುರಿದಿತ್ತು. ಶಾರದೆ ನನಗೆ ಬೈಯಲಿಲ್ಲ. ಕಿಟಕಿಯಿಂದ ಎದುರುಮನೆ ನೋಡುತ್ತ ಕೂತಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನದವರೆಗೆ ಸಾಫ್ಟ್‌ವೇರಿನ ಸಹಾಯದ ಪುಟಗಳನ್ನು ಪರೀಕ್ಷೆಗೆ ಓದುವಂತೆ ಓದಿ, ಲ್ಯಾಪ್‌ಟಾಪ್ ಹೊತ್ತು ರಸ್ತೆ ದಾಟಿದೆ.

“ಲಲಿತಕ್ಕ, ಕ್ಯಾಟಗರಿ ಅಂದ್ರೆ ಕಪಾಟು. ಸಬ್ ಅಂದ್ರೆ ಅದರೊಳಗಿನ ಖಾನೆ, ಅಷ್ಟೆ. ವೇರಿಯೆಂಟ್ ಅಂದ್ರೆ ಒಂದೇ ಸಾಮಾನಿನ ಬೇರೆ ಅಳತೆ, ಬೇರೆ ಬಗೆ. ಟ್ಯಾಗ್ ಅಂದ್ರೆ ಮೇಲೆ ಅಂಟಿಸೋ ಚೀಟಿ, ಒಂದಕ್ಕೆ ಎಷ್ಟು ಬೇಕಾದ್ರೂ ಅಂಟಿಸಬಹುದು. ತಪ್ಪು ನಂದೇ.”

ಅವರು ಪರದೆಯ ಮೇಲಿನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. “ಇಷ್ಟೇನಾ ಭಾವ? ಹಂಗಾದ್ರೆ ಉಪ್ಪಿನಕಾಯಿಗೆ ಬೇರೆ ಕಪಾಟು ಕೊಡಿ. ಪುಡಿ ಅಷ್ಟೊಂದು ಸಲ ಯಾಕೆ ಬರ್ದಿದೀರಿ? ಒಂದ್ರೊಳಗೇ ಸೇರ್ಸಿ. ಎರಡಕ್ಕೂ ‘ಮನೇಲಿ ಮಾಡಿದ್ದು’ ಅಂತ ಒಂದೇ ಚೀಟಿ ಹಚ್ಚಿ. ಹುಡುಕಿದವ್ರಿಗೆ ನಂದೂ ಶಾರದಂದೂ ಒಟ್ಟಿಗೇ ಕಾಣ್ತದಲ್ಲ?” ಎಂದವರೇ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಮೇಲೆ ಬಾಗಿಲಿಗೆ ಹೋಗಿ, “ಶಾರದಾ, ಬಾರೇ ಇಲ್ಲಿ!” ಎಂದು ಕೂಗಿದರು.

ಶಾರದೆ ಓಡಿಯೇ ಬಂದಳು. ಸಂಜೆಯೊಳಗೆ ಅಂಗಡಿ ಅಚ್ಚುಕಟ್ಟಾಯಿತು, ಬಾಟ್ಲಿಗಳೂ ವಾಪಸು ಬಂದವು. ಇಬ್ಬರೂ ನಗುತ್ತಿದ್ದರು. ಯಾವುದಕ್ಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ವಾರ ಏನೋ ಸಣ್ಣ ತಿದ್ದುಪಡಿ ಮಾಡೋಣವೆಂದು ಅಂಗಡಿ ತೆರೆದರೆ, ‘ನಿಮಗೆ ನೋಡಲು ಮಾತ್ರ ಅನುಮತಿ ಇದೆ’ ಎಂದು ಬಂತು. ತಿದ್ದುವ ಅಧಿಕಾರವನ್ನು ಅವರಿಬ್ಬರೂ ತಮ್ಮಲ್ಲೇ ಇಟ್ಟುಕೊಂಡಿದ್ದರು. ಬೇಸರವೇನೂ ಆಗಲಿಲ್ಲ. ಮನೆಯಲ್ಲಿ ಮದುವೆಯಾದಾಗಿನಿಂದ ಇದೇ ಏರ್ಪಾಡು. ಬರವಣಿಗೆಯಲ್ಲಿ ಕೈಗೆ ಸಿಕ್ಕಿದ್ದು ಮಾತ್ರ ಈಗ.